ಹರಳು ‘ತಡೆಯುವುದು’ ಬೇರೆ, ‘ತಡ ಮಾಡುವುದು’ ಬೇರೆ ಅಲ್ವಾ?

ಎಲ್ಲರಿಗೂ ನಮಸ್ಕಾರ. ವಿಜಯಪುರದಿಂದ ಒಂದು ಪದದ ತಕರಾರು ತಂದಿದ್ದೇನೆ.

ಅಣ್ಣನ ಮಗಳು ಕಾಲೇಜಿನ ಸಂಚಿಕೆಗೆ ಗ್ಯಾಸ್ ಹೈಡ್ರೇಟ್ ಬಗ್ಗೆ ಬರೆದಿದ್ದಾಳೆ. ನೀರಿನ ಅಣುಗಳು ಪಂಜರದಂತೆ ಕೂಡಿಕೊಂಡು ಮೀಥೇನ್‌ನಂಥ ಅನಿಲವನ್ನು ಒಳಗೆ ಹಿಡಿದಿಟ್ಟಾಗ ಆಗುವ ಹರಳು ಅದು. ನೋಡಲು ಮಂಜುಗಡ್ಡೆ, ಆದರೆ ಒತ್ತಡ ಜಾಸ್ತಿ ಇದ್ದರೆ ಸೊನ್ನೆ ಡಿಗ್ರಿಗಿಂತ ಮೇಲೂ ಕಟ್ಟುತ್ತದೆ. ಗ್ಯಾಸ್ ಪೈಪು ಕಟ್ಟಿಕೊಳ್ಳುವುದು ಇದರಿಂದಲೂ ಎಂದು 1934ರಲ್ಲಿ ಅಮೆರಿಕದ ಹ್ಯಾಮರ್‌ಸ್ಮಿಟ್ ಎಂಬವರು ತೋರಿಸಿದರು. ಹಾಗೆ ಕಟ್ಟಿಕೊಳ್ಳದಿರಲೆಂದು ಬೆರೆಸುವ ಮದ್ದುಗಳಿಗೆಲ್ಲ ಇವಳು ಕೊಟ್ಟ ಹೆಸರು ಒಂದೇ: ಪ್ರತಿಬಂಧಕ.

ನನಗೆ ಸರಿ ಬರಲಿಲ್ಲ. ಮೆಥನಾಲ್ ಎಂಬ ಆಲ್ಕೋಹಾಲ್ ಹಾಕಿದರೆ ಹರಳು ಕಟ್ಟಲು ಇನ್ನೂ ತಂಪು ಬೇಕಾಗುತ್ತದೆ, ಅದಕ್ಕೆ ‘ತಡೆ’ ಅನ್ನೋಣ, ಆದರೆ ಸಿಕ್ಕಾಪಟ್ಟೆ ಸುರಿಯಬೇಕು. ಪಿವಿಪಿ ಎಂಬ ಪಾಲಿಮರ್ ಹಾಗಲ್ಲ. ನೂರಕ್ಕೆ ಒಂದು ಪಾಲಿನಷ್ಟು ಸಾಕು, ಬೆಳೆಯುವ ಹರಳಿನ ಮೈಗೆ ಅಂಟಿಕೊಂಡು ಹೊಸ ನೀರಿನ ಅಣು ಬಂದು ಕೂರಲು ಜಾಗವನ್ನೇ ಬಿಡುವುದಿಲ್ಲ. ಆದರೂ ತುಂಬಾ ಹೊತ್ತು ಬಿಟ್ಟರೆ, ತೀರಾ ತಂಪಾದರೆ, ಕಟ್ಟಿಯೇ ಕಟ್ಟುತ್ತದೆ. ಅಂದರೆ ಇದು ತಡೆಯಲ್ಲ, ತಡ. ಮೂರನೆಯ ಜಾತಿಯದು ಹರಳು ಕಟ್ಟಿದರೆ ಕಟ್ಟಲಿ ಬಿಡು ಎನ್ನುತ್ತದೆ. ಒಂದಕ್ಕೊಂದು ಅಂಟದಂತೆ ನೋಡಿಕೊಂಡು, ಪುಡಿಪುಡಿಯಾಗಿ ಪೈಪಿನಲ್ಲಿರುವ ಎಣ್ಣೆಯ ಜೊತೆ ಸಾಗಹಾಕುತ್ತದೆ, ಅಷ್ಟೇ.

ಮನೆಯಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು. ಸಕ್ಕರೆ ಪಾಕ ಹರಳುಗಟ್ಟಬಾರದು ಅಂತ ಅವ್ವ ಎರಡು ಹನಿ ಲಿಂಬಿ ಹಿಂಡುತ್ತಾಳೆ (ನಮ್ಮ ಜಿಲ್ಲೆಯ ಇಂಡಿ ಊರಿನದೇ ಆಗಬೇಕು, ಇಲ್ಲದಿದ್ದರೆ ಗೊಣಗಾಟ). ಝುಣಕದ ಹಿಟ್ಟು ಗಂಟಾಗದಂತೆ ತಿರುವುವುದು ಬೇರೆಯೇ ಕೆಲಸ. ಹಾಗಾಗಿ ಮೂರನೆಯದಕ್ಕೆ ‘ಗಂಟುತಡೆ’ ಎಂದು ಸೂಚಿಸಿದೆ. ಅಣ್ಣನ ಮಗಳು ನಕ್ಕಳು, ಆದರೆ ಬರೆದುಕೊಂಡಳು. ಪಿವಿಪಿಗೆ ‘ತಡಮದ್ದು’ ಅನ್ನೋಣ ಅಂದರೆ ‘ತಡೆಮದ್ದು’ ಪಕ್ಕದಲ್ಲಿ ಕಿವಿಗೆ ಒಂದೇ ಕೇಳುತ್ತದೆ. ‘ನಿಧಾನಕಾರಿ’ ಅಂದರೆ ಸರಕಾರಿ ಕಚೇರಿ ನೆನಪಾಗುತ್ತದೆ.

ಹರಳಿನ ಬೆಳವಣಿಗೆ ಜೋರು ಮಾಡುವವೂ ಇವೆ. ಸೋಪಿನ ಗುಣದ ಎಸ್‌ಡಿಎಸ್ ಅಂಥದ್ದು. ಅದಕ್ಕೆ ‘ಹೆಪ್ಪು’ ಅಂದಳು ಅವ್ವ. ಪದ ಚೆಂದ, ಆದರೆ ಹೆಪ್ಪು ಅಂದರೆ ಮೊಸರೇ ಅಲ್ವಾ? ಎಸ್‌ಡಿಎಸ್ ಹರಳಿನ ಪಂಜರದೊಳಗೆ ಸೇರುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಹರಳು ಶುರುವಾಗಲೆಂದು ಪಾಕಕ್ಕೆ ಸಣ್ಣ ಸಕ್ಕರೆ ಬಿಡುತ್ತಾರಲ್ಲ, ಹೆಪ್ಪು ಅನ್ನಬೇಕಾದ್ದು ಅದಕ್ಕೆ.

ಅಂದ ಹಾಗೆ, ಬಾಗಲಕೋಟೆ, ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸಿ ಹರಳುಗಟ್ಟಿಸುವ ಪ್ಯಾನ್ ಮೇಲೆ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಹರಳು ಬೇಗ ದಪ್ಪಗಾಗದಂತೆ ನಿಧಾನ ಮಾಡುವುದಕ್ಕೆ ನಿಮ್ಮಲ್ಲಿ ಏನಂತಾರೆ?