ಸೇವೆಗೆ ದುಡ್ಡು ಕೇಳೋಕೆ ಬಾಯೇ ಬರುತ್ತಿಲ್ಲ, ಏನು ಮಾಡಲಿ?

ಲೈನ್‌ಮನೆ_ಮೇಷ್ಟ್ರು (ಮೂಡಿಗೆರೆ)

ಎಲ್ಲರಿಗೂ ಸ್ತೋತ್ರ.

ಒಂಬತ್ತು ವರ್ಷ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನನ್ನ ಕೈಯಲ್ಲೇ. ಕಳೆದ ಜೂನ್‌ನಲ್ಲಿ ಕೆಲಸ ಬಿಟ್ಟು ಪೂರ್ಣಾವಧಿ ಕ್ರೈಸ್ತ ಸೇವೆಗೆ ಬಂದೆ. ಭಾನುವಾರ ಎರಡು ಕಡೆ ಆರಾಧನೆ, ವಾರದಲ್ಲಿ ನಾಲ್ಕು ಸಂಜೆ, ತೋಟದ ಆಳುಗಳಿರುವ ಲೈನ್ ಮನೆಗಳ ಮಕ್ಕಳಿಗೆ ಪಾಠ. ನನ್ನನ್ನು ಕಳಿಸಿದ ಸಂಸ್ಥೆಯವರು ತಿಂಗಳಿಗೆ 6,000 ಕೊಡುತ್ತಾರೆ. ಉಳಿದದ್ದನ್ನು ನೀವೇ ಹೊಂದಿಸಿಕೊಳ್ಳಿ ಎಂದಿದ್ದಾರೆ.

ನಮ್ಮ ಖರ್ಚು 21,000. ಬಾಡಿಗೆ 5,000, ಪೆಟ್ರೋಲಿಗೇ 3,000. ಹೆಂಡತಿ ಬ್ಲೌಸ್ ಹೊಲಿದು 4,000ದಷ್ಟು ತರುತ್ತಾಳೆ. ಅಂದರೆ 11,000 ಕಡಿಮೆ. ಆರು ತಿಂಗಳಿಂದ ಪಿಎಫ್ ದುಡ್ಡಿನಲ್ಲಿ ನಡೆಯುತ್ತಿದೆ. ಅದೂ ಮುಗಿಯುತ್ತಾ ಬಂತು.

ನಲವತ್ತು ಹೆಸರಿನ ಪಟ್ಟಿ ಮಾಡಿದೆ. ಏಳು ಮನೆಗೆ ಹೋಗಿ ಬಂದೆ. ಒಂದು ಕಡೆಯೂ ಕೇಳಲಿಲ್ಲ. ಹೋದ ವಾರ ಆಲ್ದೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಕಡುಬು, ಕೋಳಿ ಸಾರು ಬಡಿಸಿದರು. ಸೇವೆ ಹೇಗಿದೆ ಎಂದು ದೊಡ್ಡಪ್ಪನೇ ಕೇಳಿದರು. ಅದಕ್ಕಿಂತ ಒಳ್ಳೆ ಸಮಯ ಸಿಗುತ್ತಾ? ನಾನು ಹೇಳಿದ್ದು ಇಷ್ಟೇ: 'ಪ್ರಾರ್ಥನೆಯಲ್ಲಿ ನಮ್ಮನ್ನು ನೆನಪು ಮಾಡಿಕೊಳ್ಳಿ ದೊಡ್ಡಪ್ಪ.' ಅರ್ಧ ಕೆಜಿ ಕಾಫಿ ಪುಡಿ ಕಟ್ಟಿಕೊಟ್ಟರು. ತಗೊಂಡು ಬಂದೆ.

ಆಳುಗಳ ಕೂಲಿ ಜಾಸ್ತಿ ಮಾಡಿ ಎಂದು ಸಾಹುಕಾರರ ಎದುರು ನಿಂತು ವಾದ ಮಾಡಿದವನು ನಾನು. ನನಗೆ ಅಂತ ಕೇಳುವಾಗ ಗಂಟಲು ಕಟ್ಟುತ್ತದೆ. ಅಮ್ಮ ಬೇರೆ, 'ಇದ್ದ ಕೆಲಸ ಬಿಟ್ಟು ತಟ್ಟೆ ಹಿಡಿದೆಯಲ್ಲೋ' ಅನ್ನುತ್ತಾರೆ.

ಕೇಳುವುದು ಹೇಗೆ ಹೇಳಿ. ಇನ್ನೊಂದು, ಕುವೈತಿನಲ್ಲಿ ನರ್ಸ್ ಆಗಿರುವ ಪರಿಚಯದ ಅಕ್ಕ ಒಬ್ಬರು, ಅಮೆರಿಕಾದಲ್ಲಿ ನೆಲೆಸಿರುವ ಅವರ ಸ್ನೇಹಿತರೊಬ್ಬರು ಕಳಿಸುತ್ತೇವೆ ಎಂದಿದ್ದಾರೆ. ಸುಮ್ನೆ ನನ್ನ ಖಾತೆಗೆ ಹಾಕಿಸಿಕೊಳ್ಳಬಹುದಾ?

ಖಜಾಂಚಿ_ಅಕ್ಕ (ಹಾಸನ)

ತಮ್ಮಾ, ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಹನ್ನೊಂದು ವರ್ಷ ಖಜಾಂಚಿ ಆಗಿದ್ದೆ. ನಿನ್ನಂಥವರನ್ನು ಎಷ್ಟು ಜನ ನೋಡಿಲ್ಲ! 'ಪ್ರಾರ್ಥನೆ ಮಾಡಿ' ಅಂದರೆ ನಾವು ಪ್ರಾರ್ಥನೆಯನ್ನೇ ಮಾಡುತ್ತೇವಪ್ಪಾ. ದುಡ್ಡು ಬೇಕು ಅಂತ ನಮಗೆ ಹೇಗೆ ಗೊತ್ತಾಗಬೇಕು? ಗೊತ್ತಾದರೂ ಎಷ್ಟು ಅಂತ ಗೊತ್ತಾಗಲ್ಲ. ನೂರು ಕೊಟ್ಟರೆ ಕಮ್ಮಿ ಆಯ್ತೇನೋ ಅಂತ ಯೋಚಿಸಿ ಏನೂ ಕೊಡದೆ ಸುಮ್ಮನಾಗುವವರೇ ಜಾಸ್ತಿ.

ಸುಗ್ಗಿ ಹಬ್ಬದ ಹರಾಜು ನೋಡಿದ್ದೀಯಲ್ವಾ. ನಮ್ಮಲ್ಲಿ ಒಂದು ಸಲ ಒಂದು ಬಾಳೆಗೊನೆ 2,300ಕ್ಕೆ ಹೋಯಿತು. ತಗೊಂಡವನು ಅದನ್ನೇ ವಾಪಸ್ ಮೇಜಿನ ಮೇಲಿಟ್ಟ. ಮತ್ತೆ ಕೂಗಿದರು, ಮತ್ತೆ 1,500 ಬಂತು. ಅದೇ ಜನ ಭಾನುವಾರ ಕಾಣಿಕೆ ಚೀಲಕ್ಕೆ ಹತ್ತು ರೂಪಾಯಿ ಹಾಕುವವರು! ಕಣ್ಣೆದುರು ಒಂದು ಗೊನೆ ಇತ್ತು, ಒಂದು ಮೊತ್ತ ಇತ್ತು, ಅಷ್ಟೇ ವ್ಯತ್ಯಾಸ. ನೀನೂ ಗೊನೆ ತೋರಿಸು. 'ಒಂದು ತಿಂಗಳ ಪೆಟ್ರೋಲ್ 3,000, ಅದರಲ್ಲಿ ನೀವು 500 ವಹಿಸಿಕೊಳ್ಳುತ್ತೀರಾ' ಅಂತ ಕೇಳು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರು. ಅದೇ ಕಷ್ಟದ್ದು. ಅವರು ಉತ್ತರ ಕೊಡುವ ಮೊದಲೇ 'ಪರವಾಗಿಲ್ಲ, ಆಗದಿದ್ದರೆ ಬೇಡ' ಅಂದುಬಿಡಬೇಡ.

ಇನ್ನು ಸಮಯ. ತೋಟದಲ್ಲಿದ್ದವನಿಗೆ ನಾನು ಹೇಳಬೇಕಾ? ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು. ಬೆಳೆಗಾರರ ಕೈಯಿಂದ ದುಡ್ಡು ಹೊರಗೆ ಹೋಗುವ ಕಾಲ. ಅವರ ಹತ್ತಿರ ತಿಂಗಳ ಲೆಕ್ಕದಲ್ಲಿ ಕೇಳಬೇಡ. ಕಾಫಿ, ಮೆಣಸು ಮಾರಿದ ಮೇಲೆ ಮಾರ್ಚ್‌ನಲ್ಲಿ ವರ್ಷಕ್ಕೊಂದು ಸಲ ಕೇಳು. ತಿಂಗಳ ಲೆಕ್ಕ ಟೀಚರು, ನರ್ಸು, ಪೆನ್ಶನ್‌ದಾರರಿಗೆ. ಜೂನ್‌ನಲ್ಲಿ ಯಾರ ಮನೆಗೂ ಹೋಗಬೇಡ. ಸ್ಕೂಲ್ ಫೀಸಿನ ತಿಂಗಳು.

ಬಡವರ ಮನೆ ಅಂತ ಬಿಟ್ಟುಬಿಡಲೂ ಬೇಡ. ಮಿಜೋರಾಂನಲ್ಲಿ 1910ರಿಂದ ಹೆಂಗಸರು ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ಸಭೆಗೆ ತೆಗೆದಿಡುತ್ತಾರೆ. ಅಲ್ಲಿನ ಮಿಷನರಿಗಳ ಖರ್ಚಿನಲ್ಲಿ ಆ ಹಿಡಿ ಅಕ್ಕಿಯ ಪಾಲು ದೊಡ್ಡದು. ನಿಮ್ಮ ಲೈನ್ ಮನೆ ಹೆಂಗಸರು ಕೊಡುವ ಇಪ್ಪತ್ತು ರೂಪಾಯಿಯನ್ನೂ ಬೇಡ ಅನ್ನಬೇಡ. ಅವರಿಗೆ ಬೇಜಾರಾಗುತ್ತೆ.

ಹೊಳೆನರಸೀಪುರದವನು

ಕೊಡುವವನ ಕಡೆಯಿಂದ ಒಂದು ಮಾತು. ಒಂದು ಸೇವೆಗೆ ಮೂರು ವರ್ಷ ತಿಂಗಳಿಗೆ 1,000 ಕಳಿಸಿದೆ. ಮೊದಲ ತಿಂಗಳು ಫೋನ್ ಮಾಡಿ ಅರ್ಧ ಗಂಟೆ ಪ್ರಾರ್ಥನೆ ಮಾಡಿದರು. ಆಮೇಲೆ ಸುದ್ದಿಯೇ ಇಲ್ಲ. ನನ್ನ ತಂದೆ ತೀರಿಕೊಂಡ ತಿಂಗಳು ದುಡ್ಡು ಕಳಿಸಲು ಮರೆತೆ. ಆಗ ಮೆಸೇಜ್ ಬಂತು: 'ಬ್ರದರ್, ಈ ತಿಂಗಳದ್ದು ಬಂದಿಲ್ಲ.' ಅವತ್ತೇ ನಿಲ್ಲಿಸಿದೆ.

ಕೇಳಲು ನಾಚಿಕೆಪಡುವವರ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಕೊಡದವರ ಮೇಲೆ ಇದೆ. ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಕೈ ಚಾಚಲಿಲ್ಲ ಎಂದು ಪ್ರಸಂಗದಲ್ಲಿ ಹೇಳುತ್ತಾರಲ್ಲ. ಅವರು ವರ್ಷ ವರ್ಷ ಲೆಕ್ಕದ ವರದಿ ಅಚ್ಚು ಹಾಕಿಸುತ್ತಿದ್ದರು ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಲೆಕ್ಕಪತ್ರ_ಚಿಕ್ಕಮಗಳೂರು

ಆಡಿಟರ್ ಆಫೀಸಿನಲ್ಲಿ ಕೆಲಸ. ವಿದೇಶದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಕುವೈತಿನ ಅಕ್ಕನ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೆ, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕಾದವರು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಕಥೆ ಬೇರೆ. ಹೆಸರು ಕನ್ನಡದ್ದೇ ಇರಲಿ, ಊರು ಕೊಪ್ಪವೇ ಇರಲಿ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ ಲೆಕ್ಕದಲ್ಲಿ ಅದು ವಿದೇಶಿ ದುಡ್ಡು. ಆ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇರುವ ಸಂಸ್ಥೆಗೆ ಮಾತ್ರ ಬರಬಹುದು. ಅದೂ 2020ರ ತಿದ್ದುಪಡಿ ಆದಮೇಲೆ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗೂ ಇಲ್ಲ. ನಿಮ್ಮ ಖಾತೆಗೆ ಖಂಡಿತ ಬೇಡ.

ನಮ್ಮ ದೇಶದವರು ಕೊಟ್ಟದ್ದಕ್ಕೂ ಒಂದು ಗೆರೆ ಇದೆ. ಸಂಬಂಧಿಕರಲ್ಲದವರಿಂದ ಉಡುಗೊರೆಯಾಗಿ ಬಂದದ್ದು ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ ಅಂತಲೇ ಲೆಕ್ಕ. ಕಾಯ್ದೆಯಲ್ಲಿ ಸಂಬಂಧಿಕರು ಯಾರು ಎನ್ನುವುದಕ್ಕೂ ಪಟ್ಟಿ ಇದೆ. ಅಪ್ಪನ ಅಣ್ಣ ಅದರೊಳಗೆ ಬರುತ್ತಾರೆ, ಸಭೆಯ 'ಅಣ್ಣ' ಬರುವುದಿಲ್ಲ. ಸಾಧ್ಯವಾದರೆ ಎಲ್ಲ ಕೊಡುಗೆಯೂ ಸಂಸ್ಥೆಯ ಖಾತೆಗೆ ಹೋಗಿ, ರಸೀದಿ ಹರಿದು, ಅಲ್ಲಿಂದ ನಿಮಗೆ ಬರಲಿ.

ಸಕಲೇಶಪುರ_ಘಾಟಿ

ಎಲ್ಲರೂ ಕೇಳು ಕೇಳು ಅನ್ನುತ್ತಿದ್ದೀರಿ. ಅರ್ಧ ದಿನ ದುಡಿಯಬಾರದು ಅಂತ ಎಲ್ಲಿದೆ? ಬೈಬಲಿನ ಅಪೊಸ್ತಲ ಪೌಲನೇ ಕೊರಿಂಥದಲ್ಲಿ ಅಕ್ವಿಲನ ಜೊತೆ ಗುಡಾರ ಹೊಲಿದ. ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ ಮೇಲೆ ಕೆಲವು ವರ್ಷ ನೀಲಿ ಬಣ್ಣ ತಯಾರಿಸುವ ಕಾರ್ಖಾನೆ ನೋಡಿಕೊಂಡರು. ಬ್ರದರ್‌ಗೆ ತೋಟದ ಲೆಕ್ಕ ಬರೆಯಲು ಬರುತ್ತೆ. ನಮ್ಮ ಕಡೆ ಕುಯ್ಲಿನ ಸಮಯದಲ್ಲಿ ಸಣ್ಣ ಬೆಳೆಗಾರರಿಗೆ ಲೆಕ್ಕ ಬರೆದುಕೊಡುವವರು ಸಿಗುವುದೇ ಇಲ್ಲ.

ಖಜಾಂಚಿ_ಅಕ್ಕ (ಹಾಸನ)

ಒಪ್ಪಿದೆ. ಆದರೆ ಅದೇ ಪೌಲ ಥೆಸಲೋನಿಕದಲ್ಲಿದ್ದಾಗ ಫಿಲಿಪ್ಪಿ ಊರಿನ ಸಭೆಯವರು ಒಂದಲ್ಲ, ಎರಡು ಸಲ ದುಡ್ಡು ಕಳಿಸಿದ್ದರು. ಅದನ್ನು ಪೌಲನೇ ಬರೆದಿದ್ದಾನೆ, ಮುಚ್ಚಿಡಲಿಲ್ಲ. ಇವನು ಬೆಳಿಗ್ಗೆ ಲೆಕ್ಕ ಬರೆಯಲಿ, ಸಂಜೆ ಪಾಠ ಮಾಡಲಿ. ಆದರೂ ದೊಡ್ಡಪ್ಪನನ್ನು ಕೇಳಲಿ.

ಲೈನ್‌ಮನೆ_ಮೇಷ್ಟ್ರು (ಮೂಡಿಗೆರೆ)

ಅಕ್ಕ, ಇವತ್ತು ಕೇಳಿದೆ. ಮುಖ ನೋಡಿದರೆ ಮತ್ತೆ ಆಗಲ್ಲ ಅಂತ ಫೋನಿನಲ್ಲೇ. ಬರೆದಿಟ್ಟುಕೊಂಡು ಓದಿದೆ, 'ತಿಂಗಳಿಗೆ 500 ಆಗುತ್ತಾ ದೊಡ್ಡಪ್ಪ' ಅಂತ. ಆಮೇಲೆ ನೀವು ಹೇಳಿದ ಹಾಗೆ ಸುಮ್ಮನಿದ್ದೆ. ಆ ಕಡೆಯೂ ಸುಮ್ಮನೆ. ಲೈನ್ ಕಟ್ ಆಯ್ತು ಅಂದುಕೊಂಡೆ.

'ಅವತ್ತು ಬಂದಿದ್ದು ಇದಕ್ಕಾ? ಕಡುಬು ತಿಂದು ಕಾಫಿ ಪುಡಿ ತಗೊಂಡು ಹೋದೆಯಲ್ಲೋ!' ಅಂತ ನಕ್ಕರು. ತಿಂಗಳು ತಿಂಗಳು ಆಗಲ್ಲವಂತೆ. ಮೆಣಸು ಮಾರಿದ ಮೇಲೆ ವರ್ಷದ್ದು ಒಟ್ಟಿಗೆ ಕೊಡುತ್ತಾರಂತೆ. ಹಿಂದಿನಿಂದ ದೊಡ್ಡಮ್ಮ, 'ನನ್ನ ಹಾಲಿನ ದುಡ್ಡಲ್ಲಿ 200 ಬರೆದುಕೋ, ಅವರಿಗೆ ಹೇಳಬೇಡ' ಅಂದರು. ಫೋನ್ ಸ್ಪೀಕರ್‌ನಲ್ಲಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತೆ.

ಘಾಟಿ ಬ್ರದರ್, ಆ ಸಣ್ಣ ಬೆಳೆಗಾರರು ಯಾರು, ಯಾವ ಊರು ಅಂತ ಮೆಸೇಜ್ ಮಾಡಿ. ಬೆಳಗ್ಗೆ ಹೊತ್ತು ಬರಬಲ್ಲೆ. ಅಮೆರಿಕಾದವರಿಗೆ ಸದ್ಯಕ್ಕೆ ಬೇಡ ಎಂದು ಬರೆದಿದ್ದೇನೆ. ತೋಟದಲ್ಲಿ ಬಳಸುತ್ತಿದ್ದ ಅದೇ ಥರದ ಹಾಜರಿ ಪುಸ್ತಕ ಒಂದು ತಂದೆ. ಮೊದಲ ಸಾಲಿನಲ್ಲಿ ದೊಡ್ಡಮ್ಮ, 200.