ನಾಲ್ಕೇ ಪರ್ಸೆಂಟು

"ನಾಲ್ಕು ಪರ್ಸೆಂಟು! ನೋಡ್ರೋ, ನಾಲ್ಕೇ ಪರ್ಸೆಂಟು!" ಕಂಪ್ಯೂಟರ್ ಎಷ್ಟು ದುಡೀತಿದೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ಮೇಲೆ ಬೆರಳಿಟ್ಟು ನಾಣಿ ಕುಣಿಯೋದೊಂದು ಬಾಕಿ. ಯಾವುದೋ ಕಂಪನಿಯ ಸರ್ವರಿಂದ ತೆಗೆದ ಹಳೇ ಪ್ರೊಸೆಸರನ್ನು ಮನೆಯ ಪಿಸಿಗೆ ಹಾಕಿಕೊಂಡಿದ್ದಾನೆ. "ಅಷ್ಟು ದೊಡ್ಡ ಜಿಪ್ ಫೈಲು ಬಿಚ್ತಾ ಇದೆ, ಸಿಪಿಯು ಬಳಕೆ ಮಾತ್ರ ನಾಲ್ಕು. ಸರ್ವರ್ ಪ್ರೊಸೆಸರ್ ಅಂದ್ರೆ ಹಿಂಗಿರಬೇಕು. ಏದುಸಿರೇ ಇಲ್ಲ."

"ಬಿಚ್ಚಿ ಆಯ್ತಾ?" ಅಂದಳು ಪದ್ಮ.

"ಆಗ್ತಾ ಇದೆ."

"ನಾವು ಬಂದಾಗ್ಲೂ ಆಗ್ತಾನೇ ಇತ್ತು."

"ದೊಡ್ಡ ಫೈಲು ಕಣೇ, ಟೈಮ್ ಹಿಡಿಯತ್ತೆ. ಪ್ರೊಸೆಸರಿಗೆ ಆಯಾಸ ಇಲ್ವಲ್ಲ, ಅದು ಮುಖ್ಯ."

ಮೂರ್ತಿ ಕನ್ನಡಕ ಸರಿಮಾಡಿಕೊಂಡ. ಅವನು ಕನ್ನಡಕ ಸರಿಮಾಡಿಕೊಂಡನೆಂದರೆ ಯಾರದೋ ಸಂತೋಷಕ್ಕೆ ಸಂಚಕಾರ.

"ನಾಣಿ, ಇದು ಇಂಟೆಲ್‌ನ ಝಿಯಾನ್ ಇ5-2680 ವಿ4 ತಾನೆ? ಲೆಕ್ಕ ಮಾಡೋ ಘಟಕ, ಅಂದ್ರೆ ಕೋರು, 14; ಒಂದೊಂದಕ್ಕೆ ಎರಡೆರಡು ಕೆಲಸದ ಸಾಲು, ಅಂದ್ರೆ 28 ಥ್ರೆಡ್ಡು. ನೂರನ್ನ 28ರಿಂದ ಭಾಗಿಸು ನೋಡೋಣ."

"ಮೂರೂವರೆ ಚಿಲ್ಲರೆ."

"3.57. ಅದನ್ನ ದುಂಡು ಮಾಡಿ 4 ಅಂತ ತೋರಿಸ್ತಿದೆ. ಅಂದ್ರೆ ಒಬ್ಬ ಪ್ರಾಣ ಬಿಟ್ಟುಕೊಂಡು ಗುಂಡಿ ಅಗೀತಿದಾನೆ, 27 ಜನ ಸುತ್ತ ಕೈಕಟ್ಟಿ ನೋಡ್ತಿದಾರೆ. ನೀನು ಆ 27 ಜನರ ವಿಶ್ರಾಂತಿ ನೋಡಿ ಹೆಮ್ಮೆ ಪಡ್ತಿದೀಯ."

"ಅವರಿಗೂ ಸಲಿಕೆ ಕೊಟ್ರಾಯ್ತಪ್ಪ."

"ಗುಂಡೀಲಿ ಜಾಗ ಇಲ್ಲ. ಜಿಪ್ ಒಳಗಿರೋ ಡಿಫ್ಲೇಟ್ ಅನ್ನೋ ಕುಗ್ಗಿಸೋ ವಿಧಾನ ಏನು ಮಾಡಿರತ್ತೆ ಗೊತ್ತಾ? 'ಇದೇ ಸಾಲು ಹಿಂದಿನ 32 ಕಿಲೋಬೈಟಲ್ಲಿ ಇಂಥ ಕಡೆ ಬಂದಿತ್ತು, ಅಲ್ಲಿಂದ ನಕಲು ಹೊಡ್ಕೋ' ಅಂತ ಬರೆದಿಟ್ಟಿರತ್ತೆ. ಹಿಂದಿನದು ಬಿಚ್ಚದೆ ಮುಂದಿನದು ಬಿಚ್ಚಕ್ಕಾಗಲ್ಲ. ಒಂದು ಫೈಲಿಗೆ ಒಬ್ಬನೇ ಆಳು. ನೂರು ಸಣ್ಣ ಫೈಲಿದ್ದು, ಹಂಚಿ ಕೊಡೋ ತಂತ್ರಾಂಶ ಇದ್ರೆ ಬೇರೆ ಮಾತು."

"ಐದು! ಐದಾಯ್ತು!" ನಾಣಿ ಕೂಗಿದ. "ನೋಡು, ಇನ್ನೊಬ್ಬ ಇಳಿದ!"

"ಯಾರೂ ಇಳಿದಿಲ್ಲ. ನಿನ್ನ ಈ ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ಲೆಕ್ಕ ಹಾಕೋದು ಮೂಲ ವೇಗ 2.4 ಗಿಗಾಹರ್ಟ್ಸ್ ಇಟ್ಕೊಂಡು. ಅಗೆಯೋನು ಟರ್ಬೋದಲ್ಲಿ, ಅಂದ್ರೆ ಮೂಲಕ್ಕಿಂತ ಹೆಚ್ಚಿನ ವೇಗದಲ್ಲಿ, 3.3ಕ್ಕೆ ಏರಿದ, 4 ಹೋಗಿ 5 ಆಯ್ತು. ಅದೇ ಆಳು, ಬೆವರು ಜಾಸ್ತಿ."

ಪದ್ಮ ನಕ್ಕಳು. ಅವಳ ಮನೆಯಲ್ಲಿರೋದು ಇಂಟೆಲ್‌ನ ಮಾಮೂಲಿ ಪಿಸಿ ಪ್ರೊಸೆಸರು, ಐ5-12400. ಅದನ್ನು ನಾಣಿ ಹೆಸರು ಹಿಡಿದು ಕರೆಯುವುದಿಲ್ಲ, "ನಿನ್ನ ಆರು ಕೋರಿಂದು" ಅನ್ನುತ್ತಾನೆ.

"ಆ ಆರು ಕೋರಿಂದು ಇದನ್ನ ಇಷ್ಟೊತ್ತಿಗೆ ಬಿಚ್ಚಿ ಮಡಚಿಟ್ಟಿರೋದು," ಅಂದ ಮೂರ್ತಿ. "ಅದರ ಕೋರು 4.4 ಗಿಗಾಹರ್ಟ್ಸ್‌ವರೆಗೆ ಏರತ್ತೆ. ನಿನ್ನದು 3.3. ಅಷ್ಟೇ ಆಗಿದ್ರೆ ಮೂರಕ್ಕೆ ನಾಲ್ಕು, ಹೆಂಗೋ ಸಹಿಸ್ಕೋಬಹುದು. ಆದ್ರೆ ನಿನ್ನದು 2016ರ ಬ್ರಾಡ್‌ವೆಲ್ ಪೀಳಿಗೆ, ಅದು 2022ರ ಆಲ್ಡರ್ ಲೇಕ್. ಕ್ಲಾಕಿನ ಒಂದೊಂದು ಮಿಡಿತಕ್ಕೆ ಅದು ಮುಗಿಸೋ ಕೆಲಸವೂ ಹೆಚ್ಚು. ಎರಡೂ ಸೇರಿಸಿದ್ರೆ ಒಂಟಿ ಥ್ರೆಡ್ ಕೆಲಸದಲ್ಲಿ ಹತ್ರ ಹತ್ರ ದುಪ್ಪಟ್ಟು ವೇಗ."

"ಒಂಟಿ ಥ್ರೆಡ್ ಬಿಡು. ನನ್ನ ಹದಿನಾಲ್ಕೂ ಒಟ್ಟಿಗೆ ಇಳಿದ್ರೆ?"

"ಒಟ್ಟಿಗೆ ಇಳಿದ್ರೆ ಟರ್ಬೋ 2.9ಕ್ಕೆ ಇಳಿಯತ್ತೆ. 120 ವ್ಯಾಟನ್ನ 14 ಕೋರಿಗೆ ಹಂಚಿದ್ರೆ ಒಂದಕ್ಕೆ ಎಂಟೂವರೆ ವ್ಯಾಟು, ಅದರಲ್ಲೂ ಕ್ಯಾಶ್, ಮೆಮೊರಿ ಕಂಟ್ರೋಲರ್ ಪಾಲು ಕಳೀಬೇಕು. ಅಷ್ಟರಲ್ಲಿ ಎಷ್ಟು ಓಡೀತು? ರೆಂಡರ್, ಅಂದ್ರೆ 3ಡಿ ದೃಶ್ಯದಿಂದ ಚಿತ್ರ ತೆಗೆಯೋ ಥರದ ಕೆಲಸದಲ್ಲಿ ನಿನ್ನ 14ಕ್ಕೂ ಅವಳ 6ಕ್ಕೂ ಹೆಚ್ಚುಕಮ್ಮಿ ಸರಿಸಮ."

ಹದಿನಾಲ್ಕೂ ಆರೂ ಸರಿಸಮ ಅನ್ನೋ ಲೆಕ್ಕ ನಾಣಿಯ ತಲೆಗೆ ಇಳಿಯಲು ಕೊಂಚ ಹೊತ್ತು ಬೇಕಾಯಿತು. ಇಳಿದ ಮೇಲೆ ಅವನಿಗೆ ಹೊಳೆದದ್ದು ಒಂದೇ ಪರಿಹಾರ.

"ಹಾಗಾದ್ರೆ ಎರಡು ಸಾಕೆಟ್ ಬೋರ್ಡು ತರ್ತೀನಿ. ಇಂಥದೇ ಇನ್ನೊಂದು ಹಾಕ್ತೀನಿ. 56 ಥ್ರೆಡ್ಡು!"

"ಎರಡು ಪರ್ಸೆಂಟು ತೋರಿಸತ್ತೆ," ಅಂದಳು ಪದ್ಮ.

"ಅದೂ ಇಲ್ಲ," ಅಂದ ಮೂರ್ತಿ. "ನಿನ್ನ ವಿಂಡೋಸ್ ಹೋಮ್. ಹೋಮ್‌ಗೆ ಕಾಣೋದು ಒಂದೇ ಸಾಕೆಟ್. ಎರಡು ಕಾಣಬೇಕಾದ್ರೆ ಪ್ರೋ ಬೇಕು. ಎರಡನೇ ಪ್ರೊಸೆಸರು ಜನ್ಮಪೂರ್ತಿ ಬಿಸಿ ಬಡಿಸ್ಕೊಂಡು ಕೂತಿರತ್ತೆ, ನಿನ್ನ ನಾಲ್ಕು ಪರ್ಸೆಂಟಿಗೆ ಭಂಗ ಇಲ್ಲ. ಪ್ರೋ ಹಾಕಿದೆ ಅನ್ನು, ಆಗ ನೂಮಾ. ಒಂದೊಂದು ಪ್ರೊಸೆಸರಿಗೂ ತನ್ನ ಪಕ್ಕದ ಮೆಮೊರಿ. ಆ ಕಡೆಯದರಲ್ಲಿರೋ ದತ್ತಾಂಶ ಬೇಕಾದ್ರೆ ನಡುವಿನ ಸೇತುವೆ ಕ್ಯೂಪಿಐ ದಾಟಿ ಹೋಗಿ ತರಬೇಕು, ತಡ ಆಗತ್ತೆ. ಇದನ್ನ ತಿಳಿದು ಬರೆದ ತಂತ್ರಾಂಶ ಸಂಭಾಳಿಸತ್ತೆ. ಗೇಮುಗಳಿಗೆ ಅದು ಗೊತ್ತಿರೋದು ಕಮ್ಮಿ. ಎಷ್ಟೋ ಸಲ ಎರಡನೇ ಪ್ರೊಸೆಸರ್ ಹಾಕಿದ ಮೇಲೆ ಗೇಮು ಇನ್ನೂ ನಿಧಾನ. ಬೋರ್ಡೂ ಇಇಬಿ ಅಳತೆ, 305ಕ್ಕೆ 330 ಮಿಲಿಮೀಟರು. ಮಾಮೂಲಿ ಎಟಿಎಕ್ಸ್ ಬೋರ್ಡು 305ಕ್ಕೆ 244. ಕೇಸಿನ ಬಾಗಿಲು ತೆಗೆದಿಟ್ಟು ಬದುಕಬೇಕು."

"ಮುಂದೆ ಎಲ್ಲ ತಂತ್ರಾಂಶನೂ ಎಲ್ಲ ಕೋರು ಬಳಸತ್ತೆ ಅಂತ ವಿಡಿಯೋದಲ್ಲಿ ಹೇಳಿದ್ರು."

"ಅದನ್ನ ನಾನು ಮೀಸೆ ಬರೋಕೆ ಮುಂಚಿನಿಂದ ಕೇಳ್ತಿದೀನಿ. 1967ರಲ್ಲೇ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ತಣ್ಣೀರು ಎರಚಿ ಹೋಗಿದಾನೆ. ಕೆಲಸದ ಅರ್ಧ ಭಾಗ ಮಾತ್ರ ಹಂಚೋ ಹಾಗಿದೆ ಅಂದ್ಕೋ. 14 ಕೋರು ಹಾಕಿದ್ರೆ 1.87 ಪಟ್ಟು ಬೇಗ. ಸಾವಿರ ಕೋರು ಹಾಕು, ಎರಡು ಪಟ್ಟು ಮುಟ್ಟಲ್ಲ. ಹಂಚಕ್ಕಾಗದ ಆ ಇನ್ನರ್ಧವನ್ನ ಯಾರೋ ಒಬ್ಬ ಅಗೀಲೇಬೇಕು. ಅವನು ಎಷ್ಟು ಗಟ್ಟಿ ಆಳು ಅನ್ನೋದರ ಮೇಲೆ ನಿನ್ನ ಜಿಪ್ ಫೈಲಿನ ಹಣೆಬರಹ."

ಇಷ್ಟು ಹೊತ್ತೂ ಸುಮ್ಮನಿದ್ದ ರಾಯರು ಈಗ ಬಾಯಿಬಿಟ್ಟರು. ಮಷೀನ್ ರೂಮಿನ ಫ್ಯಾನುಗಳ ನಡುವೆ ಬೆಳೆದ ದನಿ. ಪಕ್ಕದಲ್ಲೇ ಕೂತಿದ್ದರೂ ಆಚೆ ಬೀದಿಯವರಿಗೆ ಹೇಳಿದಂತೆ ಹೇಳುತ್ತಾರೆ.

"ಮೂರ್ತಿ, ಅವನನ್ನ ಬೈದ್ರೆ ಬೈಯಿ, ಪ್ರೊಸೆಸರನ್ನ ಬೈಬೇಡ. ಅದಕ್ಕೆ ಒಂದು ಫೈಲು ಬಿಚ್ಚು ಅಂತ ಯಾರು ಹೇಳಿಕೊಟ್ಟಿದ್ರು? ಸಾವಿರ ಜನ ಒಟ್ಟಿಗೆ ಬಂದು ಒಂದೊಂದು ಸಣ್ಣ ಕೆಲಸ ಕೇಳಿದ್ರೆ ಒಬ್ಬರನ್ನೂ ವಾಪಸ್ ಕಳಿಸದೆ ಮಾಡಿಕೊಡು ಅಂತ ಹುಟ್ಟಿಸಿದ್ದು ಅದನ್ನ."

"ನಾನೆಲ್ಲಿ ಬೈದೆ ರಾಯರೇ? ಅಲ್ಲಿ ಅದು ಸರಿಯಾಗೇ ಇದೆ. ಕ್ಲಾಕು ಏರಿಸ್ತಾ ಹೋದ್ರೆ ವೋಲ್ಟೇಜೂ ಏರಿಸಬೇಕು, ಖರ್ಚಾಗೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಹೋಗತ್ತೆ. ಅದಕ್ಕೇ ಕೋರುಗಳನ್ನ ಮೆಲ್ಲಗೆ ಓಡಿಸಿ, ಸಂಖ್ಯೆ ಜಾಸ್ತಿ ಮಾಡಿದ್ದು. ಮೆಮೊರಿಗೆ ಹೋಗಿಬರೋ ದಾರಿ, ಅಂದ್ರೆ ಚಾನೆಲ್ಲು, ನಾಲ್ಕು. ಡಿಡಿಆರ್4-2400 ಮೆಮೊರಿ ಹಾಕಿದ್ರೆ ಸೆಕೆಂಡಿಗೆ 76.8 ಗಿಗಾಬೈಟು. ಪದ್ಮನ ಐ5ಗೆ ಎರಡೇ ಚಾನೆಲ್ಲು, 3200ರದ್ದು ಹಾಕಿದ್ರೂ 51.2. ಕಾರ್ಡುಗಳಿಗೆ ಹೋಗೋ ಪಿಸಿಐಇ ಲೇನು ಇದರಲ್ಲಿ 40, ಅದರಲ್ಲಿ 20. ಮೆಮೊರಿ ಇದಕ್ಕೆ ಒಂದೂವರೆ ಟೆರಾಬೈಟ್ ತುಂಬಬಹುದು, ಅದಕ್ಕೆ 128 ಗಿಗಾಬೈಟಿಗೇ ಹೊಟ್ಟೆ ತುಂಬತ್ತೆ."

"ಕೇಳಿದೆಯಾ ಪದ್ಮ? ಎಪ್ಪತ್ತಾರು ಪಾಯಿಂಟ್ ಎಂಟು!" ನಾಣಿಗೆ ಮತ್ತೆ ಜೀವ ಬಂತು.

"ನೀನು ಎಷ್ಟು ರ‍್ಯಾಮ್ ಹಾಕಿದೀಯ?"

"ಹದಿನಾರು ಜಿಬಿ."

"ಎಷ್ಟು ಕಡ್ಡಿ?"

"ಒಂದು."

ಮೂರ್ತಿ ಕನ್ನಡಕ ತೆಗೆದೇಬಿಟ್ಟ. "ಹಾಗಿದ್ರೆ ಸೆಕೆಂಡಿಗೆ 19.2. ಮೂರು ಚಾನೆಲ್ಲು ಖಾಲಿ ಹೊಡೀತಿದೆ. ಅವಳ ಐ5ಗಿಂತ ಅರ್ಧಕ್ಕೂ ಕಮ್ಮಿ ಮಾಡಿಟ್ಟಿದೀಯ. ಒಂದೊಂದು ಚಾನೆಲ್ಲಿಗೆ ಒಂದೊಂದರಂತೆ ನಾಲ್ಕು ಕಡ್ಡಿ, ಬೋರ್ಡಿನ ಕೈಪಿಡಿ ಹೇಳಿದ ಸ್ಲಾಟಲ್ಲೇ ಹಾಕಬೇಕು."

"ಹಳೇ ಪಿಸಿದು ಮೂರು ಕಡ್ಡಿ ಡಿಡಿಆರ್4 ಇದೆ, ಅದನ್ನೇ..."

"ಮುಟ್ಟಬೇಡ! ಈಗ ಒಳಗಿರೋದು ಸರ್ವರಿನ ರಿಜಿಸ್ಟರ್ಡ್ ಜಾತಿ, ಆರ್‌ಡಿಮ್. ಪಿಸಿದು ಯುಡಿಮ್. ಎರಡಕ್ಕೂ 288 ಪಿನ್ನು, ಅಂಚಿನ ಕಚ್ಚೂ ಒಂದೇ ಕಡೆ. ಸ್ಲಾಟಲ್ಲಿ ಟಕ್ ಅಂತ ಕೂರತ್ತೆ, ಮಷೀನ್ ಮಾತ್ರ ಏಳಲ್ಲ. ಈ ಎರಡು ಜಾತಿ ಬೆರೆಸೋ ಹಾಗೇ ಇಲ್ಲ. ಈ ಆರ್‌ಡಿಮ್ ತಗೊಂಡು ಹೋಗಿ ಪದ್ಮನ ಬೋರ್ಡಿಗೆ ಚುಚ್ಚಿದ್ರೂ ಅದೇ ಗತಿ. ಡಿಡಿಆರ್5ರಲ್ಲಿ ಬುದ್ಧಿ ಬಂದು ಕಚ್ಚಿನ ಜಾಗ ಬದಲಾಯಿಸಿದ್ರು."

"ಆ ಕಡ್ಡೀಲಿ ತಪ್ಪು ತಿದ್ದೋ ಇಸಿಸಿ ಇದೆ," ರಾಯರು ಪ್ರೀತಿಯಿಂದಲೇ ಹೇಳಿದರು, ಗಟ್ಟಿಯಾಗಿ. "64 ಬಿಟ್ಟಿನ ಜೊತೆ ಕಾವಲಿಗೆ 8. ಒಂದು ಬಿಟ್ ತಿರುಗಿ ಬಿದ್ರೆ ತಾನೇ ತಿದ್ದತ್ತೆ. ಎರಡು ತಿರುಗಿದ್ರೆ ತಿದ್ದಕ್ಕಾಗಲ್ಲ, ಆದ್ರೆ ಬಾಯಿ ಬಿಟ್ಟು ಹೇಳತ್ತೆ. ಮಾಮೂಲಿ ಪಿಸೀಲಿ ಹೇಳೋರೇ ಇಲ್ಲ. ತಪ್ಪು ಲೆಕ್ಕ ಸರಿ ಲೆಕ್ಕದ ವೇಷದಲ್ಲಿ ಡಿಸ್ಕಿಗೆ ಹೋಗಿ ಕೂರತ್ತೆ."

"ಇದೊಂದಕ್ಕೆ ನಾನೂ ಕೈಮುಗೀತೀನಿ," ಅಂದ ಮೂರ್ತಿ. "ಮನೇಲಿ ಎಲ್ಲರ ಫೋಟೋ, ದಾಖಲೆ ತುಂಬಿಡೋ ಸ್ಟೋರೇಜ್ ಮಷೀನು, ಹತ್ತಾರು ವರ್ಚುವಲ್ ಮಷೀನು, ಇಡೀ ದಿನ ಕಂಪೈಲು, ನಾಲ್ಕಾರು ಕಾರ್ಡು ಚುಚ್ಚೋ ಆಸೆ, ಇಂಥವೇನಾದ್ರೂ ಇದ್ರೆ ಈ ಹಳೇ ಝಿಯಾನ್ ತಗೊಳ್ಳಲಿ. ಬ್ರೌಸರು, ಗೇಮು, ಜಿಪ್ಪು ಅಂದ್ರೆ ಬೇಡ. ಅಂದಹಾಗೆ ಕೂಲರ್ ಸಲೀಸಾಗಿ ಕೂತಿತಾ?"

"ಎರಡನೇ ಕೂಲರ್ ಸಲೀಸಾಗಿ ಕೂತಿತು."

"ಮೊದಲನೆಯದು ನ್ಯಾರೋದು."

"ನಿಂಗೆ ಹೆಂಗೆ ಗೊತ್ತು?"

"ಎಲ್ಲರದ್ದೂ ಅದೇ ಕಥೆ. 2011-3 ಸಾಕೆಟ್ಟಿನ ತೂತುಗಳಲ್ಲಿ ಎರಡು ಅಳತೆ. ಚೌಕದ್ದು 80ಕ್ಕೆ 80 ಮಿಲಿಮೀಟರು, ನ್ಯಾರೋ 56ಕ್ಕೆ 94. ಸಾಕೆಟ್ಟಿನ ಹೆಸರು ಒಂದೇ ಇರೋದ್ರಿಂದ ಯಾರೂ ಅಳೆಯಲ್ಲ. ಇನ್ನು ಕೆಲವರು ಸರ್ವರಿಂದ ಕಿತ್ತ ಫ್ಯಾನಿಲ್ಲದ ಹೀಟ್‌ಸಿಂಕ್ ತರ್ತಾರೆ. ಅದು ಎದುರಿಗೆ ರಾಕ್ಷಸ ಫ್ಯಾನುಗಳ ಸಾಲಿದ್ದಾಗ ಮಾತ್ರ ತಣ್ಣಗಿರತ್ತೆ. ಮನೇಲಿ ಹಾಕಿದ್ರೆ ಪ್ರೊಸೆಸರು ಬಿಸಿಗೆ ಹೆದರಿ ಕ್ಲಾಕು ಇಳಿಸ್ಕೊಂಡು ಕುಂಟತ್ತೆ. ಕರೆಂಟಿನ ಲೆಕ್ಕ ಹಾಕಿದೀಯಾ? ಪದ್ಮನ ಮಷೀನಿಗಿಂತ 60 ವ್ಯಾಟ್ ಹೆಚ್ಚು ತಿನ್ನತ್ತೆ ಅಂದ್ಕೋ, ದಿನಕ್ಕೆ ಎಂಟು ಗಂಟೆ ಉರಿಸಿದ್ರೆ ವರ್ಷಕ್ಕೆ 175 ಯೂನಿಟ್ಟು. ಗೋಡೆಯ ಪ್ಲಗ್ಗಿಗೆ ಒಂದು ವ್ಯಾಟ್ ಮೀಟರ್ ಸಿಕ್ಕಿಸಿ ನೋಡು. ಪರ್ಸೆಂಟ್ ನೋಡೋಕ್ಕಿಂತ ಅದು ಒಳ್ಳೇ ಮನರಂಜನೆ."

"ಇಷ್ಟೊಂದು ಕೆಟ್ಟದ್ದಾಗಿದ್ರೆ ಅಷ್ಟು ದೊಡ್ಡ ಕಂಪನಿಗಳು ಯಾಕೆ ಇಟ್ಕೊಂಡಿದ್ವು?" ನಾಣಿ ಮುನಿಸಿಕೊಂಡ.

"ಕೆಟ್ಟಿದೆ ಅಂತ ತೆಗೆದದ್ದಲ್ಲಪ್ಪ," ರಾಯರು ಅಂದರು. ದನಿ ಒಂದು ಮೆಟ್ಟಿಲು ಇಳಿದಿತ್ತು. "ಒಂದು ದಿನ ಲೆಕ್ಕದವರು ಬರ್ತಾರೆ. ಎಎಮ್‌ಡಿಯ 2022ರ ಸರ್ವರ್ ಪ್ರೊಸೆಸರು ಎಪಿಕ್ 9654 ತಗೋ, ಒಂದರಲ್ಲೇ 96 ಕೋರು, 360 ವ್ಯಾಟು. ನಿನ್ನ ಈ ಹಳೇವನ್ನ ಇಟ್ಟು ಅಷ್ಟು ಕೋರು ಮಾಡಬೇಕಾದ್ರೆ ಏಳು ಬೇಕು, 840 ವ್ಯಾಟು. ಅಷ್ಟೇ ಕಾರಣ. ಕೆಲಸ ಮಾಡ್ತಾ ಇದ್ದ ಹಾಗೇ ಸ್ವಿಚ್ ಆರಿಸಿ, ರ‍್ಯಾಕಿಂದ ಎಳೆದು, ಪೆಟ್ಟಿಗೆ ತುಂಬಿ ಕಳಿಸ್ತಾರೆ. ಇದರಿಂದ ಎಷ್ಟು ಜನ ಟಿಕೆಟ್ ತಗೊಂಡ್ರೋ, ಎಷ್ಟು ಮಕ್ಕಳು ಫಲಿತಾಂಶ ನೋಡಿದ್ರೋ. ಇದರ ಮುಂದೆ ಮಾತ್ರ ಯಾರೂ ಕೂತಿರಲಿಲ್ಲ. ಮೌಸು ಅಂದ್ರೆ ಏನು ಅಂತ ಅದಕ್ಕೆ ಗೊತ್ತಾಗಿದ್ದೇ ಇಲ್ಲಿಗೆ ಬಂದ ಮೇಲೆ."

ಯಾರೂ ಮಾತಾಡಲಿಲ್ಲ. ಜಿಪ್ ಫೈಲು ಬಿಚ್ಚಿ ಮುಗಿಯಿತು. ಬಳಕೆ ಒಂದು ಪರ್ಸೆಂಟಿಗೆ ಇಳಿಯಿತು.

"ನೋಡಿ, ಒಂದು!" ಅಂದ ನಾಣಿ.

ಮೂರ್ತಿ ಸುಮ್ಮನೆ ಪದ್ಮನ ಮುಖ ನೋಡಿದ. ಪದ್ಮ ಚೀಲದಿಂದ ಪೆನ್‌ಡ್ರೈವ್ ತೆಗೆದಳು.

"ನಾಣಿ, ಬ್ಲೆಂಡರ್ ಅನ್ನೋ 3ಡಿ ತಂತ್ರಾಂಶದ್ದು 250 ಫ್ರೇಮಿನ ಒಂದು ಶಾಟ್ ಇದೆ. ನನ್ನ ಮಷೀನಲ್ಲಿ ಬೇರೆ ಸೀನು ಓಡ್ತಿದೆ. ಇದರಲ್ಲಿ ಹಾಕಲಾ? ಸಿಪಿಯು ರೆಂಡರ್."

"ಹಾಕು, ಹಾಕು. ಐದೂ ದಾಟಲ್ಲ ನೋಡ್ತಿರು."

ಹಾಕಿದಳು. ಮೂರ್ತಿ ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರುಗಳ ನೋಟಕ್ಕೆ ಬದಲಾಯಿಸಿದ. 28 ಚೌಕ. ಒಂದೆರಡು ಕ್ಷಣ ಸೀನು ಲೋಡ್ ಆಗುವಷ್ಟು ಹೊತ್ತು ಒಂದೇ ಚೌಕ ಮಿಸುಕಾಡಿತು. ಆಮೇಲೆ ಇಪ್ಪತ್ತೆಂಟೂ ಒಟ್ಟಿಗೆ ಬುಡದಿಂದ ತುದಿಗೆ ಎದ್ದವು. ಫ್ಯಾನು ಗೊರಗುಟ್ಟಿತು.

"ಅಯ್ಯೋ, ನೂರು! ನೂರು ತೋರಿಸ್ತಿದೆ! ಏನು ಮಾಡಿದ್ಯೇ ಮಾರಾಯ್ತಿ, ನಿಲ್ಸು! ಸುಟ್ಟುಹೋಗತ್ತೆ!"

"ಏನೂ ಆಗಲ್ಲ, ಬಿಡೋ," ರಾಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಫ್ಯಾನಿನ ಸದ್ದಿಗೆ ಅವರ ದನಿ ಇವತ್ತು ಮೊದಲ ಸಲ ಅಳತೆಗೆ ಸರಿಯಾಗಿತ್ತು. "ಟೆಂಪರೇಚರ್ ಎಷ್ಟಿದೆ?"

"66," ಅಂದ ಮೂರ್ತಿ. "2.9ರಲ್ಲಿ ನಿಂತಿದೆ, ಅಲ್ಲಾಡ್ತಿಲ್ಲ."

"ಎಷ್ಟು ಹೊತ್ತು ಹೀಗೆ?"

"ಬೆಳಗ್ಗೆ ತನಕ," ಅಂದಳು ಪದ್ಮ.

"ಬೆಳಗ್ಗೆ ತನಕಾನಾ! ಅಲ್ಲೀವರೆಗೂ ನಾನು ಬ್ರೌಸರ್ ಎಲ್ಲಿ ತೆಗೀಲಿ?"

"ಫೋನಲ್ಲಿ," ಅಂದ ಮೂರ್ತಿ. "ಅದಕ್ಕೂ ಎಂಟು ಕೋರಿದೆ."