ಅಪ್‌ಡೇಟ್: ನಾಯಿ ಬರುತ್ತೆ, ಬೆಕ್ಕು ಅಕ್ಕನ ಮನೆಗೆ

ಯುರೋಪಿಗೆ ಹೋಗಿ ನೆಲೆಸುವಾಗ ನಾಯಿ, ಮುದಿ ಬೆಕ್ಕು ಎರಡನ್ನೂ ಏನು ಮಾಡೋದು ಅಂತ ಕೇಳಿದ್ದೆ. ತೀರ್ಮಾನ ಆಯ್ತು.

ನಾಯಿ ಬರುತ್ತೆ, ಆದರೆ ತಕ್ಷಣ ಅಲ್ಲ. ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕೋ ಗುರುತಿನ ಚಿಪ್), ಆಮೇಲೆ ರೇಬಿಸ್ ಲಸಿಕೆ (ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೇ ಇಲ್ಲ), ಕನಿಷ್ಠ 30 ದಿನ ಬಿಟ್ಟು ಲಸಿಕೆ ಕೆಲಸ ಮಾಡಿದೆಯಾ ಅಂತ ನೋಡೋ ರಕ್ತಪರೀಕ್ಷೆ, ಮತ್ತೆ ನಮ್ಮ ದೇಶ ಯುರೋಪಿಯನ್ ಒಕ್ಕೂಟ ವಿನಾಯಿತಿ ಕೊಟ್ಟಿರೋ ದೇಶಗಳ ಪಟ್ಟಿಯಲ್ಲಿ ಇಲ್ಲದ್ದರಿಂದ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಮನೆಯವರು ಮೊದಲು ಹೋಗ್ತಾರೆ. ನಾನು ಇಲ್ಲೇ ಇರ್ತೀನಿ, ಯಾಕಂದ್ರೆ ಮಾಲೀಕರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು.

ಬೆಕ್ಕಿಗೆ ಕಿಡ್ನಿ ತೊಂದರೆ. ಪ್ರಯಾಣ ಬೇಡ ಅಂದ್ರು ಡಾಕ್ಟರ್. ಅಕ್ಕ ತಾನಾಗೇ ಸಾಕ್ತೀನಿ ಅಂದಳು. ಔಷಧಿ ಖರ್ಚು ನಮ್ಮದು, ಅದರಲ್ಲಿ ಚೌಕಾಸಿ ಇಲ್ಲ. ಸುಮ್ನೆ ಯಾರಿಗೋ ಕೊಟ್ಟುಬಿಡಿ ಅಂದವರ ಮಾತು ಕೇಳಲಿಲ್ಲ.